ಲೀಲಾಕ್ಷಿ ಆಂಟಿಯ ಕರ್ನಲ್

ಶನಿವಾರ ಬೆಳಿಗ್ಗೆ ಇಂಪನಾ ಕೆಳಗಿಳಿದು ಬರುವಷ್ಟರಲ್ಲಿ ಲೀಲಾಕ್ಷಿ ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಲ್ಯಾಪ್‌ಟಾಪಿನ ಮುಂದೆ ಸಜ್ಜಾಗಿ ಕೂತಿದ್ದರು.

ಧಾರವಾಡದ ಲೀಲಾಕ್ಷಿ ಪುಣೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಪುಣೆಯ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆಲ್ಲ ಅಲೆದು, ಹೆಂಗಸರ ಮದುವೆ ಹಾಡುಗಳನ್ನು ರೆಕಾರ್ಡ್ ಮಾಡಿ ತಮ್ಮ ವೆಬ್‌ಸೈಟಿಗೆ ಹಾಕುವುದು ಈಗ ಅವರ ಕೆಲಸ. ಅದಕ್ಕೊಂದು ಕ್ಲೌಡ್ ಸರ್ವರನ್ನು ಬಾಡಿಗೆಗೆ ಹಿಡಿದಿದ್ದರು. ಕಳೆದ ವಾರ ಯಾರೋ ಅದರೊಳಗೆ ನುಗ್ಗಿ, ಬಿಟ್‌ಕಾಯಿನ್ ಥರದ್ದನ್ನೇನೋ ಗಳಿಸಿಕೊಳ್ಳಲು ಅದನ್ನು ಹಗಲಿರುಳೂ ದುಡಿಸಿದ್ದರು. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮಂಡ್ಯದ ಇಂಪನಾಗೆ ಹಿಂಜವಾಡಿಯ ಐಟಿ ಕಂಪನಿಯಲ್ಲಿ ಸರ್ವರುಗಳದ್ದೇ ಉದ್ಯೋಗ. ಅವಳೇ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟಿದ್ದಳು. ಆದರೆ ಆಂಟಿಯ ಸಿಟ್ಟು ಇಳಿದಿರಲಿಲ್ಲ.

“ಕರ್ನಲ್ ಅಂದ್ರೆ ಸಿಸ್ಟಮ್ಮಿನ ತಿರುಳು ಆಂಟಿ. ಯಾವ ಪ್ರೋಗ್ರಾಮಿಗೆ ಏನು ಕೊಡ್ಬೇಕು ಅಂತ ತೀರ್ಮಾನ ಮಾಡೋದೇ ಅದು. ಈಗಿರೋದು ಊರಿಗೆಲ್ಲ ಆಗೋ ಹಾಗೆ ಮಾಡಿಟ್ಟಿರೋದು. ನಮಗೆ ಬೇಕಾದ್ದಷ್ಟೇ ಇಟ್ಕೊಂಡು, ಭದ್ರತೆ ಬಿಗಿ ಮಾಡಿ, ನಮ್ಮದೇ ಒಂದನ್ನ ಕಟ್ಕೋಬಹುದು, ಅಂದ್ರೆ ಕಂಪೈಲ್ ಮಾಡ್ಬಹುದು” ಎಂದಿದ್ದಳು ಇಂಪನಾ, ಮಾತಿಗೆ.

“ಹಂಗಾರ ಮಾಡೂಣು” ಎಂದುಬಿಟ್ಟಿದ್ದರು ಆಂಟಿ.

ಇಬ್ಬರೂ ಶುರುಮಾಡಿದರು. ತಮ್ಮ ಡಿಜಿಟಲ್ ಮುದ್ರೆಯಿಲ್ಲದ ಯಾವ ಕೋಡಿನ ತುಣುಕೂ ಕರ್ನಲ್ಲಿನೊಳಗೆ ಸೇರಬಾರದು ಎಂಬುದನ್ನು ಇಂಪನಾ ಮೊದಲೇ ಆರಿಸಿದಳು. ಆಮೇಲೆ ಬೇಡದ್ದನ್ನು ಕಿತ್ತುಹಾಕುವ ಸರದಿ. ಸ್ಕ್ರೀನಿನ ಮೇಲಿನ ಪಟ್ಟಿಯಿಂದ ಆಂಟಿ ಒಂದೊಂದನ್ನೇ ಓದುತ್ತಾ ಹೋದರು.

“ಬ್ಲೂಟೂತ್?”

“ಸರ್ವರಿಗ್ಯಾಕೆ? ಬೇಡ.”

“ಜಾಯ್‌ಸ್ಟಿಕ್? ಅಯ್ಯ ಶಿವನ, ಇದನ್ನ್ಯಾರು ಇಟ್ರವಾ? ತಗದ ಬಿಡು!”

ಕೀಳುವುದರಲ್ಲಿ ಆಂಟಿಗೆ ಅಟ್ಟ ಸ್ವಚ್ಛ ಮಾಡಿದಷ್ಟೇ ಖುಷಿ. ಇಂಪನಾ ಉಪ್ಪಿಟ್ಟು ತಿನ್ನುತ್ತಾ ಹ್ಞೂಂಗುಟ್ಟುತ್ತಿದ್ದಳು. “ಇದು ವರ್ಚುವಲ್ ಡಿಸ್ಕಂತ. ಖರೇದ್ದಲ್ಲ ಅಂದಮ್ಯಾಲೆ ಯಾಕ ಬೇಕು? ತಗೀಲೇನು?” ಎಂದು ಆಂಟಿ ಕೇಳಿದಾಗಲೂ ಅವಳು ಹ್ಞೂಂ ಎಂದುಬಿಟ್ಟಳು.

ಮಧ್ಯಾಹ್ನದ ಊಟ ಮುಗಿದರೂ ಕಂಪೈಲ್ ನಡೆದೇ ಇತ್ತು. ಕೊನೆಗೂ ಮುಗಿದಾಗ ಇಂಪನಾ ಹೊಸ ಕರ್ನಲ್ ಕೂರಿಸಿ ರೀಬೂಟ್ ಮಾಡಿದಳು. ಸರ್ವರ್ ಮಲಗಿತು. ಏಳಲಿಲ್ಲ.

ಅಷ್ಟರಲ್ಲಿ ಆಂಟಿಯ ಫೋನು ಬಡಿದುಕೊಂಡಿತು. ಪುಣೆ ಹತ್ತಿರದ ಶಿರೂರಿನಿಂದ ಆಂಟಿಯ ಪರಿಚಯದ ಗಂಗೂಬಾಯಿ. ಮಗಳು ಹರ್ಷದಾಳ ಅರಿಶಿಣ ಶಾಸ್ತ್ರ ಅವತ್ತೇ. ವರನ ಕಡೆಯವರು ಮರಾಠಿಗರು.

“ಲೀಲಕ್ಕಾರ, ನಿಮ್ಮ ಹಾಡಿನ ಸೈಟು ತೆರೀವಲ್ದಲ್ರಿ! ಬೀಗರು ಒಂದರ ಮ್ಯಾಲೊಂದು ಹಾಡಾಕತ್ತಾರ, ನಮ್ಮವರೆಲ್ಲಾ ಮಾರಿ ಮಾರಿ ನೋಡ್ಕೋತ ಕುಂತಾರ. ಅದನ್ನ ಹಚ್ಚಿ ಅದರ ಕೂಡ ಹಾಡೂಣಂತ ಮಾಡಿದ್ವಿರಿ. ನಮ್ಮ ಮರ್ಯಾದಿ ಹೋಗ್ತದರಿ!”

ಇಂಪನಾಳ ಮುಖ ಕೆಂಪಾಯಿತು. “ಆಂಟಿ, ಸ್ವಲ್ಪ ಟೈಮ್ ಕೊಡಿ. ಎಲ್ಲಿ ಸಿಕ್ಕಿಕೊಂಡಿದೆ ನೋಡ್ತೀನಿ. ಅಲ್ಲೀವರೆಗೆ ನೀವೇ ಹಾಡಿ.”

“ನಾನ? ಹುಚ್ಚಿ, ನಾ ಬರೇ ಮೈಕ್ ಹಿಡಿಯಾಕಿ. ನನ್ನ ದನಿ ಒಡಕು ತಗಡಿನಂಗ ಅದ.”

“ಹಾಡೆಲ್ಲ ಬಾಯಿಗೆ ಬರುತ್ತೆ ತಾನೇ?”

ಆಂಟಿ ಫೋನನ್ನು ಬಾಯಿಯ ಹತ್ತಿರ ತಂದು ಕಣ್ಣು ಮುಚ್ಚಿದರು.

“ಮದುಮಗಳ ಗಲ್ಲಕ್ಕ ಅರಿಶಿಣ ಹಚ್ಚಿರೇ, ಬಿಸಿಲೇ ನಾಚಿ ಸರಿಯಲಿ…”

ದನಿ ಒಡಕೇ. ಎರಡನೆಯ ಸಾಲಿಗೆ ಅದು ನಡುಗಿತು ಕೂಡ. ಆದರೆ ಅತ್ತ ಕಡೆ ಯಾರೋ ಒಬ್ಬರು ದನಿಗೂಡಿಸಿದರು, ಆಮೇಲೆ ಇನ್ನೊಬ್ಬರು, ನೋಡನೋಡುತ್ತಾ ಇಡೀ ಚಪ್ಪರವೇ ಹಾಡಿತು. ಆಂಟಿ ಎದ್ದು ನಿಂತರು, ಕೈಬೀಸಿ ತಾಳ ಹಾಕಿದರು.

ಇಂಪನಾ ಬ್ರೌಸರಿನಲ್ಲೇ, ಸರ್ವರ್ ಏಳುವಾಗಿನ ಸಂದೇಶಗಳನ್ನು ತೋರಿಸುವ ಕನ್ಸೋಲ್ ತೆರೆದಳು. ತನಗೆ ಡಿಸ್ಕೇ ಕಾಣುತ್ತಿಲ್ಲವೆಂದು ಕರ್ನಲ್ ಅಲ್ಲಿ ಗೋಗರೆದು ಸತ್ತಿತ್ತು. ಉಪ್ಪಿಟ್ಟಿನ ಹೊತ್ತಿನ ಹ್ಞೂಂ ಈಗ ನೆನಪಾಗಿ ಅವಳು ಹಣೆ ಚಚ್ಚಿಕೊಂಡಳು. ಕ್ಲೌಡಿನಲ್ಲಿ ಇರುವ ಡಿಸ್ಕೆಲ್ಲ ವರ್ಚುವಲ್ಲೇ! ಪುಣ್ಯಕ್ಕೆ ಹಳೆಯ ಕರ್ನಲ್ಲನ್ನು ಅಳಿಸಿರಲಿಲ್ಲ. ಬೂಟ್ ಮೆನುವಿನಲ್ಲಿ ಅದನ್ನೇ ಆರಿಸಿದಳು. ಸರ್ವರ್ ಎದ್ದಿತು.

“ಆಂಟಿ, ಸೈಟ್ ಬಂತು!”

ಆಂಟಿ ಹಾಡು ನಿಲ್ಲಿಸದೆ, ತಡಿ ಎನ್ನುವಂತೆ ಅಂಗೈ ತೋರಿಸಿದರು. ಶಿರೂರಿನವರಿಗೆ ಸೈಟು ಬೇಕಾಗಿರಲಿಲ್ಲ. ಇನ್ನೂ ನಾಲ್ಕಾರು ಹಾಡು ಹಾಡಿಸಿಕೊಂಡೇ ಅವರು ಫೋನಿಟ್ಟರು.

ಸಂಜೆ ಇಬ್ಬರೂ ಮತ್ತೆ ಕೂತರು. ಬೆಳಿಗ್ಗೆ ಕಿತ್ತಿದ್ದ ವರ್ಚುವಲ್ ಡಿಸ್ಕಿನ ಡ್ರೈವರನ್ನು ಮತ್ತೆ ಸೇರಿಸಿ ಕಂಪೈಲ್ ಮಾಡಿದರು. ಈ ಸಲ ರೀಬೂಟ್ ಕೊಟ್ಟ ಮೇಲೆ ಇಂಪನಾ ಕನ್ಸೋಲಿನಿಂದ ಕಣ್ಣು ಕೀಳಲಿಲ್ಲ. ಸರ್ವರ್ ಸದ್ದಿಲ್ಲದೆ ಎದ್ದು ಕೂತಿತು. ಪರೀಕ್ಷೆಗೆಂದು ಮುದ್ರೆಯಿಲ್ಲದ ತುಣುಕೊಂದನ್ನು ಒಳಗೆ ತಳ್ಳಿ ನೋಡಿದಳು. ಕರ್ನಲ್ ಕಟ್ಟುನಿಟ್ಟಾಗಿ ಬೇಡವೆಂದಿತು.

“ಶಾಣ್ಯಾ ಅದ” ಎಂದು ಆಂಟಿ ಸ್ಕ್ರೀನನ್ನು ಸವರಿದರು. ಆಮೇಲೆ ಇಂಪನಾ ಕಡೆ ತಿರುಗಿ, ತುಸು ಸಂಕೋಚದಿಂದ ಕೇಳಿದರು: “ಗಂಗೂಬಾಯಿ ಅಲ್ಲೆ ನನ್ನ ಹಾಡು ರೆಕಾರ್ಡ್ ಮಾಡ್ಯಾಳಂತ. ಹಾಕಬಹುದೇನು, ನಮ್ಮ ಸೈಟಿಗೆ?”