ಬಾನೆಟ್ ಮೇಲಿನ ಲೋಟ

ಗ್ಯಾರೇಜಿನ ಬೀಗದ ಕೈ ಯಾರಿಗೆ ಎಂಬ ಪ್ರಶ್ನೆಗೆ ಮಾವನದು ಒಂದೇ ಉತ್ತರ: ಬಾನೆಟ್ ತೆಗೆಯದೆ ಒಳಗಿನ ಎಂಜಿನ್ ಯಾವುದೆಂದು ಹೇಳಬಲ್ಲವರಿಗೆ. ಕಾರಿನ ಹಿಂದೆ ಅಂಟಿಸಿದ ಅಕ್ಷರ ನಂಬಿ ಎಂಜಿನ್ ಬೆಲ್ಟು ತರಿಸಿದರೆ ಮುಗಿಯಿತು ಕಥೆ. ಸಣ್ಣ ಎಂಜಿನ್ ಕೊಂಡು ದೊಡ್ಡದರ ಬಿಲ್ಲೆ ಅಂಟಿಸಿಕೊಳ್ಳುವ ಶೋಕಿಲಾಲರಿಗೆ ಈ ಭೂಮಿಯಲ್ಲಿ ಬರವಿಲ್ಲ.

ಸೊಂಟದ ಆಪರೇಷನ್ ಆದಮೇಲೆ ಬಗ್ಗುವುದಕ್ಕಾಗುವುದಿಲ್ಲ, ಇನ್ನು ಸಾಕು ಎಂದು ಮಾವ ಹೇಳಿದ್ದರು. ಮೂರು ವರ್ಷದಿಂದ ಅವರ ಜೊತೆ ಗ್ರೀಸ್ ಮೆತ್ತಿಕೊಂಡಿದ್ದ ಸೊಸೆಗೆ ಆ ಬೀಗದ ಕೈ ಬೇಕೇ ಬೇಕಿತ್ತು. ಭಾನುವಾರ ಬೆಳಿಗ್ಗೆ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದರು. ಎದುರಿಗೆ ಒಂದೇ ಮಾಡೆಲಿನ ಮೂರು ಬಿಳಿ ಸೆಡಾನುಗಳು: ಒಂದು ಡೀಸೆಲ್, ಒಂದು ಸಣ್ಣ ಪೆಟ್ರೋಲ್, ಒಂದು ದೊಡ್ಡ ಪೆಟ್ರೋಲ್. ದೊಡ್ಡದು ಮಾವನ ಸ್ವಂತ ಕಾರು. ಯಾವುದು ಎಲ್ಲಿ ನಿಂತಿದೆ ಎಂದು ಅವಳಿಗೆ ಗೊತ್ತಿಲ್ಲ.

"ಒಂದು ಸ್ಟೀಲ್ ಲೋಟ, ಒಂದು ಚಮಚ ಕೊಡಿ," ಎಂದಳು.

"ಪರೀಕ್ಷೆಗೆ ಬಂದಿದ್ದೀಯೋ, ಚಹಾಕ್ಕೋ?" ಎಂದು ಮಾವ ನಕ್ಕರು. ಅತ್ತೆ ಲೋಟ ತಂದುಕೊಟ್ಟರು.

ಮಾವ ಮೊದಲ ಕಾರು ಸ್ಟಾರ್ಟ್ ಮಾಡಿದಾಗ ಲೋಟವೇ ಬೇಕಾಗಲಿಲ್ಲ. "ಡೀಸೆಲ್. ಇದನ್ನ ಗೋಡೆ ಬೇಕಾದರೂ ಹೇಳುತ್ತೆ."

ಎರಡನೆಯದರ ಬಾನೆಟ್ ಮೇಲೆ ಚಮಚ ಹಾಕಿದ ಲೋಟವಿಟ್ಟು, ಎ.ಸಿ. ಹಾಕಲು ಹೇಳಿದಳು. ಕೆಲಸದ ನಡುವೆ ಚಹಾ ಕುಡಿಯುತ್ತ ಅವಳೇ ಕಂಡುಕೊಂಡ ಉಪಾಯವಿದು: ಎ.ಸಿ. ಹಾಕಿದಾಗ ದೊಡ್ಡ ಎಂಜಿನ್ ಕ್ಯಾರೇ ಅನ್ನುವುದಿಲ್ಲ, ಸಣ್ಣದು ಒಂದು ಕ್ಷಣ ನಡುಗುತ್ತದೆ. ಚಮಚ ಕಿಣಿಕಿಣಿ ಎಂದಿತು. "ಸಣ್ಣದು," ಎಂದಳು.

ಇನ್ನುಳಿದದ್ದು ದೊಡ್ಡದು, ಕೇಳುವ ಅಗತ್ಯವೇ ಇಲ್ಲ. ಆದರೂ ಲೋಟವಿಟ್ಟಳು. ಮತ್ತೆ ಕಿಣಿಕಿಣಿ.

'ದೊಡ್ಡದು' ಎಂದರೆ ಬೀಗದ ಕೈ ಅಂಗೈಯಲ್ಲಿ. ಆದರೆ ಲೆಕ್ಕ ಹಾಕಿ ಹೇಳುವುದಕ್ಕೆ ಕಿವಿ ಏಕೆ ಬೇಕು? ಮೂರು ವರ್ಷ ಕಲಿತದ್ದೆಲ್ಲ ಚಮಚದಲ್ಲಿ ನಡುಗುತ್ತಿತ್ತು.

"ಇದೂ ಸಣ್ಣದೇ, ಮಾವ."

ಅವಳು ಬಟ್ಟೆ ಕಿತ್ತಳು. ಮಾವನ ಕಾರೇ! ಪರೀಕ್ಷೆಯಲ್ಲಿ ಸೋತೆನೆಂದು ಅವಳ ಕಣ್ಣು ತುಂಬಿತು. ಆದರೆ ಮಾವ ಅವಳನ್ನು ನೋಡುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಂತೆ ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು.

"ಬಾನೆಟ್ ತೆಗಿ," ಎಂದರು ಮಾವ.

ತೆಗೆದಳು. ಒಳಗೆ ಸಣ್ಣ ಎಂಜಿನ್ ಮುಗ್ಧವಾಗಿ ಕೂತಿತ್ತು.

"ನೀವು ಆಸ್ಪತ್ರೇಲಿದ್ದಾಗ ರೇಡಿಯೇಟರಲ್ಲಿ ನೀರಿಲ್ಲದೆ ಕಾರು ಓಡಿಸಿಬಿಟ್ಟೆ," ಎಂದರು ಅತ್ತೆ. "ಎಂಜಿನ್ ಸುಟ್ಟುಹೋಯ್ತು. ನನ್ನ ತಮ್ಮನ ಗ್ಯಾರೇಜಲ್ಲಿ ಇದೊಂದೇ ಸಿಕ್ಕಿದ್ದು. ಹೇಗೂ ನೀವು ಬಗ್ಗಿ ನೋಡಲ್ಲ ಅಂತ…"

ಈಗ ಸಿಡಿಲು ಬೀಳುತ್ತದೆ ಎಂದು ಸೊಸೆ ಹಲ್ಲು ಕಚ್ಚಿ ನಿಂತಳು. ಮಾವ ಹತ್ತಿರವಿದ್ದ ಟೈರಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ನಿಂತಾಗ ಕಣ್ಣೊರೆಸಿಕೊಂಡರು.

"ಆಸ್ಪತ್ರೆಯಿಂದ ಬಂದಾಗಿನಿಂದ ನನ್ನ ಕಾರಿನ ಸದ್ದು ಸಣ್ಣದಾಗಿ ಕೇಳಿಸ್ತಿತ್ತು ಕಣೇ. ನನ್ನ ಕಿವಿಯೇ ಹೋಯ್ತು ಅಂದ್ಕೊಂಡೆ. ಸೊಂಟ ಅಂದದ್ದು ನೆಪ. ಕಿವಿ ಇಲ್ಲದವನಿಗೆ ಗ್ಯಾರೇಜ್ ಯಾಕೆ ಅಂತ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ."

ಅತ್ತೆಯ ಮುಖ ಸಪ್ಪಗಾಯಿತು. ಎಂಜಿನ್ ಸುಟ್ಟದ್ದಕ್ಕಿಂತ ಆ ಮಾತೇ ಅವರನ್ನು ಹೆಚ್ಚು ಸುಟ್ಟಿತ್ತು. "ಹೇಳಬಾರದಿತ್ತಾ?" ಎಂದರು.

"ನೀನು ಹೇಳಬಾರದಿತ್ತಾ?"

ಮಾವ ಜೇಬಿನಿಂದ ಬೀಗದ ಕೈ ತೆಗೆದು ಸೊಸೆಯ ಅಂಗೈಯಲ್ಲಿಟ್ಟರು. ಅವಳು ಬೆರಳು ಮಡಚುವ ಮೊದಲೇ ಅವಳ ಮಣಿಕಟ್ಟು ಹಿಡಿದು, "ನಾಳೆ ಇದರ ಥರದ್ದೇ ಇನ್ನೊಂದು ಮಾಡಿಸ್ಕೊಂಡು ಬಾ," ಎಂದರು. "ಎಂಟು ಗಂಟೆಗೆ ನಾನೂ ಬರ್ತೀನಿ."