ಎಲಿಯೆಸರ್‌ನ ಕಾರು, ನೆರೈದಾಳ ಬೆರಳು

ಎಲಿಯೆಸರ್ ಟವೆಲ್ ಎತ್ತಿ ತನ್ನ ಕಾರನ್ನು ಎಲ್ಲರೆದುರು ತೆರೆದಿಟ್ಟ ಕೂಡಲೇ ನೆರೈದಾಳ ಮನಸ್ಸು ಹೇಳಿತು: ಇದರಲ್ಲೇನೋ ಮಸಲತ್ತಿದೆ.

ಆ ಹಳೆಯ ಟಾರು ಪಟ್ಟಿಯ ಮೇಲೆ ಹಾಗೆ ಮಾಡಿದವರೇ ಇಲ್ಲ. ಸಾಲಿನಾಸ್ ಕಡೆಯ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕಬ್ಬಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನಗಳು ಇಳಿಯುತ್ತಿದ್ದ ಜಾಗ ಅದು. ಈಗ ವಾರಕ್ಕೆ ಆರು ದಿನ ಆಡುಗಳದ್ದು, ಭಾನುವಾರ ಬೆಳಿಗ್ಗೆ ರಿಮೋಟ್ ಕಾರಿನವರದ್ದು. ಒಂದೂವರೆ ಮೊಳದ ಕಾರುಗಳು, ಆದರೆ ಹೆದ್ದಾರಿಯ ಪೊಲೀಸರ ಕೈಗೂ ಸಿಗದಂಥ ವೇಗ. ಅವುಗಳನ್ನು ಯಾರಾದರೂ ಆಟಿಕೆ ಅಂದರೆ ಅಲ್ಲಿ ಸೇರುವ ಹನ್ನೆರಡು ಜನಕ್ಕೂ ಮೂಗಿನ ತುದಿಗೆ ಕೋಪ ಬರುತ್ತದೆ. ಓಡಿಸದಿರುವಾಗ ಪ್ರತಿಯೊಬ್ಬರೂ ಕಾರಿನ ಮೇಲೆ ಟವೆಲ್ ಹೊದಿಸಿಡುತ್ತಾರೆ. ಮೋಟಾರಿನ ಗೇರಿಗೆ ಎಷ್ಟು ಹಲ್ಲು, ಮೂತಿ ನೆಲಕ್ಕೆ ಎಷ್ಟು ಹತ್ತಿರ ಎಂಬುದು ಪಕ್ಕದವರಿಗೆ ತಿಳಿಯಬಾರದು. ಮನೆಯ ಜಗಳವನ್ನಾದರೂ ಹೇಳಿಕೊಂಡಾರು, ಗೇರಿನ ಗುಟ್ಟು ಬಿಡಲಾರರು.

ಅಂಥದ್ದರಲ್ಲಿ ಇಪ್ಪತ್ತು ವರ್ಷದಿಂದ ಟವೆಲ್ ಮೇಲೆ ಇನ್ನೊಂದು ಟವೆಲ್ ಹೊದಿಸುತ್ತಿದ್ದ ಈ ಆಸಾಮಿ ಕೈಬೀಸಿ ಕರೆಯುತ್ತಿದ್ದಾನೆ!

"ಕೊಮಾಯ್, ಬಾ ಇಲ್ಲಿ. ಅಷ್ಟು ದೂರ ಯಾಕೆ ನಿಂತಿದ್ದೀಯ, ನಾನೇನು ಕಚ್ತೀನಾ?"

"ಕಚ್ಚೋಕೆ ಹಲ್ಲು ಎಲ್ಲಿದೆ ನಿಂಗೆ? ಇರೋ ನಾಲ್ಕೂ ನಾನು ಮಾಡಿಕೊಟ್ಟಿದ್ದು," ಎನ್ನುತ್ತ ನೆರೈದಾ ಹತ್ತಿರ ಬಂದಳು.

ಪೋನ್ಸೆ ಊರಿನ ದಂತವೈದ್ಯರೊಬ್ಬರ ಹತ್ತಿರ ಕಟ್ಟುಹಲ್ಲು ಮಾಡುವುದು ಅವಳ ಉದ್ಯೋಗ. ಎಲಿಯೆಸರ್‌ನ ಮಗಳು ಯಾರೆಲಿಸ್‌ಗೆ ಚರ್ಚಿನಲ್ಲಿ ಧರ್ಮತಾಯಿಯಾಗಿ ನಿಂತವಳು ಅವಳೇ. ಅಂದಿನಿಂದ ಅವನಿಗೆ ಅವಳು ಕೊಮಾಯ್, ಅವಳಿಗೆ ಅವನು ಕೊಂಪಾಯ್. ಆ ನಂಟೆಲ್ಲ ಚರ್ಚಿನ ಅಂಗಳದವರೆಗೆ. ಪಟ್ಟಿಯ ಮೇಲೆ ಇಬ್ಬರೂ ಹಾವು ಮುಂಗುಸಿ. ಬೇಲಿಗೆ ತೂಗುಹಾಕಿದ ಹಲಗೆಯ ಮೇಲೆ ನಾಲ್ಕು ವರ್ಷದಿಂದ ಮೊದಲ ಹೆಸರು ನೆರೈದಾಳದು, ಗಂಟೆಗೆ ನೂರ ಇಪ್ಪತ್ತೊಂದು ಮೈಲಿ. ಅದರ ಕೆಳಗೆ ಎಲಿಯೆಸರ್, ನೂರ ಹತ್ತೊಂಬತ್ತು.

"ಇವತ್ತು ನನ್ನ ಕಾರನ್ನ ನೀನು ಓಡಿಸ್ಬೇಕು," ಅಂದ ಎಲಿಯೆಸರ್.

"ಬೆಳಿಗ್ಗೆ ಬೆಳಿಗ್ಗೆನೇ ರಮ್ ಏರಿಸಿದ್ದೀಯಾ?"

ಅವನು ನಗಲಿಲ್ಲ. ಬಲಗೈಯನ್ನು ಅವಳ ಮುಂದೆ ಚಾಚಿದ. ತೋರುಬೆರಳು ತನ್ನ ಪಾಡಿಗೆ ತಾನು ಅದುರುತ್ತಿತ್ತು. "ಆರು ತಿಂಗಳಿಂದ ಹಿಂಗೆ. ಡಾಕ್ಟರು ಅದೇನೋ ಉದ್ದದ ಹೆಸರು ಹೇಳಿದ್ರು. ಇದು ಹೆಚ್ಚಾಗುತ್ತಂತೆ, ಕಮ್ಮಿಯಂತೂ ಆಗಲ್ವಂತೆ. ಈ ಬೆರಳಲ್ಲಿ ರಿಮೋಟಿನ ಟ್ರಿಗರ್ ಎಳೆದ್ರೆ ಕಾರು ಕುಡುಕನ ಥರ ಓಡುತ್ತೆ. ಎರಡು ವರ್ಷ ಕೂತು ಕಟ್ಟಿದ್ದೀನಿ ಕೊಮಾಯ್. ನಿನ್ನ ಅಂಕಿ ದಾಟುತ್ತೆ ಅಂತ ನಂಗೆ ಗೊತ್ತು. ಒಂದೇ ಒಂದು ಸಲ ಕಣ್ಣಾರೆ ನೋಡ್ಬೇಕು. ಆಮೇಲೆ ಬಿಟ್ಬಿಡ್ತೀನಿ."

ನೆರೈದಾ ಅವನ ಬೆರಳನ್ನೇ ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಅಂದಿರುತ್ತಿದ್ದರು. ಅವಳಿಗೆ ನೆನಪಾದದ್ದು ಹೋದ ವರ್ಷದ ಬೆನ್ನುನೋವು. ಬೆನ್ನುನೋವೆಂದು ಹೇಳಿ ಇವನು ಮೂರು ಭಾನುವಾರ ಪಟ್ಟಿ ಗುಡಿಸುವುದರಿಂದ ತಪ್ಪಿಸಿಕೊಂಡಿದ್ದ. ನಾಲ್ಕನೇ ವಾರ ಯಾರೆಲಿಸ್‌ಳ ಮದುವೆಯಲ್ಲಿ ಬೂಟಿನ ಅಟ್ಟೆ ಕಿತ್ತುಬರುವ ಹಾಗೆ ಕುಣಿದಿದ್ದ. ಬೆರಳು ಅದುರಿಸುವುದು ಎಷ್ಟರ ಕೆಲಸ?

ಅಲ್ಲದೆ ಇಲ್ಲಿಯ ಕಟ್ಟುಪಾಡೇ ಬೇರೆ. ಟ್ರಿಗರ್ ಯಾರೇ ಹಿಡಿಯಲಿ, ಅಂಕಿ ಕಾರಿನ ಯಜಮಾನನದು. ಈ ಕಾರು ನೂರ ಇಪ್ಪತ್ತೊಂದನ್ನು ದಾಟಿದರೆ ಹಲಗೆಯ ಮೇಲೆ ಎಲಿಯೆಸರ್ ಮೊದಲಾಗುತ್ತಾನೆ, ಅವಳು ತನ್ನ ಕೈಯಾರೆ ಕೆಳಗಿಳಿಯುತ್ತಾಳೆ. ಇಷ್ಟು ಜನರಿದ್ದೂ ಅವಳನ್ನೇ ಯಾಕೆ ಕೇಳಬೇಕು?

"ಕನ್ಫೆಸೋರ್ ಇದ್ದಾನಲ್ಲ, ಅವನ ಕೈಗೆ ಕೊಡು."

"ಅವನು ಟ್ರಿಗರ್ ಹಿಡಿಯೋದು ಹಸು ಕರೆದ ಹಾಗೆ."

"ನಂಗೆ ಕೇಳಿಸ್ತಿದೆ," ಎಂದ ಕನ್ಫೆಸೋರ್, ಮಡಚುವ ಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತ. ಅವನು ನಿವೃತ್ತ ಪೋಸ್ಟ್‌ಮ್ಯಾನ್. ಹಲಗೆಯ ಮೇಲೆ ಬರೆಯುವ ಹಕ್ಕು ಅವನದು. ಓಟಕ್ಕೆ ಮುಂಚೆ ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪಿಎಸ್ ಪೆಟ್ಟಿಗೆಯನ್ನು ಕಾರಿಗೆ ಅಂಟಿಸಿ, ಓಟ ಮುಗಿದ ಮೇಲೆ ಅಂಕಿ ಓದಿ ಹೇಳುವವನೂ ಅವನೇ.

ಎಲ್ಲರೂ ನೆರೈದಾಳ ಕಡೆಗೇ ನೋಡುತ್ತಿದ್ದರು. ಆಗಲ್ಲ ಅಂದರೆ ತನ್ನ ಅಂಕಿ ಹೋಗುತ್ತದೆಂಬ ಭಯ ಅನ್ನುತ್ತಾರೆ. ಅವಳು ರಿಮೋಟ್ ಇಸಿದುಕೊಂಡಳು.

ಮೊದಲು ಗುಡಿಸುವ ಕೆಲಸ. ಗಾಳಿ ಏಳುವ ಮುಂಚೆ, ಅಂದರೆ ಒಂಬತ್ತರೊಳಗೆ, ಪಟ್ಟಿಯ ಉದ್ದಕ್ಕೂ ಪೊರಕೆ ಆಡಬೇಕು. ಒಂದು ಕಡಲೆಕಾಳಿನಷ್ಟು ಕಲ್ಲು ಸಾಕು, ಆ ವೇಗದಲ್ಲಿ ಕಾರು ಗಾಳಿಪಟ. ಎಲಿಯೆಸರ್ ಅವಳ ಪಕ್ಕದಲ್ಲೇ ಗುಡಿಸುತ್ತ ಬಂದ. ಬಾಯಿಯಂತೂ ನಿಲ್ಲಲಿಲ್ಲ.

"ಟೈರಿನ ಅಂಚಿಗೆ ಒಳಗೂ ಹೊರಗೂ ಗಮ್ ಹಾಕಿದ್ದೀನಿ, ಹೆಬ್ಬೆರಳಲ್ಲಿ ಒತ್ತಿ ನೋಡು. ಒಳಗೆ ಟೇಪ್ ಸುತ್ತಿದ್ದೀನಿ, ಉಬ್ಬೋದಿಲ್ಲ. ಬ್ಯಾಟರಿ ತಣ್ಣಗಿದ್ರೆ ಕೈ ಕೊಡುತ್ತೆ, ಅದಕ್ಕೇ ಬೆಳಿಗ್ಗೆಯಿಂದ ಅಂಗಿ ಒಳಗೆ ಇಟ್ಕೊಂಡಿದ್ದೀನಿ, ತಗೋ. ಮೊದಲನೇ ಓಟ ಅರ್ಧ ವೇಗ. ಯಾವ ಕಡೆಗೆ ಎಳೀತಿದೆ ನೋಡ್ಕೊ, ಆಗಲೇ ತಿದ್ಕೊ. ವೇಗ ಹಿಡಿದ ಮೇಲೆ ಸ್ಟೀರಿಂಗ್ ಮುಟ್ಟಿದ್ರೆ ಕೆಟ್ಟೆ."

ನೆರೈದಾ ಒಂದೊಂದನ್ನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪರೀಕ್ಷಿಸಿದಳು. ನಾಲ್ಕು ಟೈರುಗಳ ಅಂಚನ್ನೂ ಒತ್ತಿದಳು, ಸ್ಕ್ರೂಗಳನ್ನು ತಿರುಗಿಸಿ ನೋಡಿದಳು, ಕಾರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಎಲ್ಲ ಅವನು ಹೇಳಿದ ಹಾಗೇ ಇತ್ತು. ಅದೇ ಅವಳ ಅನುಮಾನವನ್ನು ಹೆಚ್ಚಿಸಿತು. ಇಷ್ಟು ವರ್ಷ ಒಂದು ಸ್ಕ್ರೂವಿನ ಅಳತೆ ಹೇಳದವನು ಇವತ್ತು ಒಂದೂ ಬಿಡದೆ ನಿಜ ಹೇಳುತ್ತಿದ್ದಾನೆ ಅಂದರೆ, ಒಂದು ದೊಡ್ಡ ಸುಳ್ಳನ್ನು ಕೊನೆಗೆ ಇಟ್ಟುಕೊಂಡಿದ್ದಾನೆ.

ಕೊನೆಯ ಮಾತೂ ಬಂತು. ಓಟದ ಗುರುತಿಗೆ ಪಟ್ಟಿಯ ಮೇಲೆ ಇಟ್ಟಿದ್ದ ಎರಡು ಪ್ಲಾಸ್ಟಿಕ್ ಕೋನ್‌ಗಳಲ್ಲಿ ಎರಡನೆಯದರ ಬಳಿ ಅವನು ಪೊರಕೆಗೆ ಒರಗಿ ನಿಂತ.

"ಇದೊಂದು ಸರಿಯಾಗಿ ಕೇಳಿಸ್ಕೊ. ಇಲ್ಲಿ ದಾಟಿದ ಮೇಲೆ ಟ್ರಿಗರ್ ಪಟ್ಟಂತ ಬಿಡ್ಬೇಡ. ಅರ್ಧಕ್ಕೆ ತಂದು, ಮೂರು ಎಣಿಸಿ, ಮೆಲ್ಲಗೆ ಬಿಡು. ನಿನ್ನ ಕಾರು ಬಿಟ್ಟ ಮೇಲೂ ತನ್ನ ಪಾಡಿಗೆ ಉರುಳ್ಕೊಂಡು ಹೋಗುತ್ತೆ. ಇದು ಹಂಗಲ್ಲ, ಬಿಟ್ಟ ಕೂಡ್ಲೇ ಮೋಟಾರೇ ಬ್ರೇಕ್ ಥರ ಚಕ್ರ ಹಿಡಿಯುತ್ತೆ. ಬಾಲ ಎದ್ರೆ ಮುಗೀತು."

ನೆರೈದಾ ಪಟ್ಟಿಯ ತುದಿಯ ತುಕ್ಕು ಹಿಡಿದ ಬೇಲಿಯನ್ನು ನೋಡಿದಳು. "ಮೂರು ಎಣಿಸೋದ್ರೊಳಗೆ ಬೇಲಿ ಬರಲ್ವಾ?"

"ಬರಲ್ಲ. ನಾನು ಅಳೆದಿದ್ದೀನಿ."

ಇದೇ ಆ ಸುಳ್ಳು ಅಂದುಕೊಂಡಳು ನೆರೈದಾ. ಇನ್ನೊಂದು ಕಟ್ಟುಪಾಡೂ ಇತ್ತು: ಕಾರು ತನ್ನ ಚಕ್ರಗಳ ಮೇಲೆ ಓಟ ಶುರುವಾದ ಗೆರೆಗೆ ವಾಪಸು ಬಂದರೆ ಮಾತ್ರ ಅಂಕಿ ಬರೆಯುವುದು. ಕಾರು ಬೇಲಿಗೆ ಹೊಡೆದರೆ ಎಲಿಯೆಸರ್ ಕಳೆದುಕೊಳ್ಳುವುದು ಹೇಗೂ ಬಿಟ್ಟುಬಿಡಲಿರುವ ಒಂದು ಕಾರು. ಹೋಗುವುದು ಅವಳ ಮಾನ. ನೆರೈದಾ ಹೊಟ್ಟೆಕಿಚ್ಚಿಗೆ ಕೊಂಪಾಯ್‌ನ ಕಾರು ಒಡೆದಳು ಎಂದು ಗುವಾಯಾಮಾ ಊರಿನವರೆಗೂ ಸುದ್ದಿ ಹಬ್ಬುತ್ತದೆ. ನಾಲ್ಕು ವರ್ಷ ಎರಡನೆಯವನಾಗಿ ಕುಳಿತ ಉರಿಗೆ ಇದಕ್ಕಿಂತ ಒಳ್ಳೆಯ ಮದ್ದು ಉಂಟೇ?

ಅರ್ಧ ವೇಗದ ಓಟದಲ್ಲೇ ಅವಳು ಗುಟ್ಟಾಗಿ ಪರೀಕ್ಷೆ ಮಾಡಿದಳು. ಕೋನ್ ದಾಟಿದ ಕೂಡಲೇ ಬೆರಳು ತೆಗೆದುಬಿಟ್ಟಳು. ಕಾರು ಕೊಂಚ ತಡೆದಂತಾಗಿ ನೆಟ್ಟಗೆ ಹೋಗಿ ನಿಂತಿತು. ಬಾಲವೂ ಏಳಲಿಲ್ಲ, ಮೂತಿಯೂ ಏಳಲಿಲ್ಲ. ಸಿಕ್ಕಿಬಿದ್ದೆ ಮಗನೇ ಎಂದು ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಅರವತ್ತು ಮೈಲಿಯ ಮಾತು ನೂರ ಇಪ್ಪತ್ತಕ್ಕೆ ಹೊಂದುವುದಿಲ್ಲ ಎಂಬುದನ್ನು ಅವಳೇ ಹೊಸಬರಿಗೆ ಸಾವಿರ ಸಲ ಹೇಳಿಕೊಟ್ಟಿದ್ದಾಳೆ. ಆದರೆ ಅನುಮಾನ ತಲೆಗೇರಿದಾಗ ಕಲಿತದ್ದೆಲ್ಲ ಎಲ್ಲಿ ಹೋಗುತ್ತದೋ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅವಳಿಗೆ ಆ ಕಾರು ಉಳಿಯಬೇಕಿತ್ತು. ಅಂಕಿ ಹೋದರೆ ಹೋಗಲಿ, ಕಾರನ್ನು ಸುರಕ್ಷಿತವಾಗಿ ಗೆರೆಗೆ ತಂದು ನಿಲ್ಲಿಸಿ, ನಿನ್ನ ಆಟ ನಡೆಯಲಿಲ್ಲ ಕೊಂಪಾಯ್ ಅನ್ನಬೇಕಿತ್ತು. ಅಷ್ಟೇ ಅವಳ ಆಸೆ.

ಕನ್ಫೆಸೋರ್ ಕೈ ಎತ್ತಿ ಇಳಿಸಿದ. ನೆರೈದಾ ಟ್ರಿಗರನ್ನು ಮೆಲ್ಲಗೆ, ಮೇಣದ ಮೇಲೆ ಹಲ್ಲು ಕೂರಿಸುವಾಗ ಒತ್ತುವಷ್ಟೇ ಮೆಲ್ಲಗೆ ಎಳೆಯುತ್ತ ಹೋದಳು. ಕಾರು ಗೆರೆ ಎಳೆದ ಹಾಗೆ ನೆಟ್ಟಗೆ ಹೊರಟಿತು. ಮೊದಲ ಕೋನ್ ದಾಟುವ ಹೊತ್ತಿಗೆ ಮೋಟಾರಿನ ಸದ್ದು ಅವಳು ಎಂದೂ ಕೇಳದ ಎತ್ತರಕ್ಕೆ ಏರಿತ್ತು. ಅವಳ ಕಿವಿಗೆ ಗೊತ್ತಾಯಿತು: ತನ್ನ ಅಂಕಿ ಹೋಯಿತು. ವಿಚಿತ್ರವೆಂದರೆ ಅವಳಿಗೆ ನೋವಾಗಲಿಲ್ಲ. ಎಂಥಾ ಕಾರು ಕಟ್ಟಿದ್ದೀಯೋ ಮಾರಾಯ ಅಂದುಕೊಂಡಳು. ಎರಡನೇ ಕೋನ್ ದಾಟಿತು. ಬೇಲಿ ಕಂಡಿತು. ಅವಳು ಬೆರಳು ತೆಗೆದಳು.

ಬಾಲ ಎದ್ದಿತು. ಕಾರು ಒಮ್ಮೆ ಅಡ್ಡ ತಿರುಗಿತು, ಅಡಿಗೆ ಗಾಳಿ ಹೊಕ್ಕಿತು, ಮೇಲೆದ್ದು ಬಿತ್ತು, ಮತ್ತೆ ಎದ್ದು ಬಿತ್ತು. ಪ್ರತಿ ಸಲ ಬಿದ್ದಾಗಲೂ ಏನಾದರೊಂದು ಕಳಚಿ ಹಾರಿತು. ಬೇಲಿಗೆ ಇನ್ನೂ ಎಂಬತ್ತು ಹೆಜ್ಜೆ ದೂರ ಇರುವಾಗಲೇ ಉಳಿದ ಚೂರುಗಳೆಲ್ಲ ನಿಂತವು.

ಮೊದಲು ತಲುಪಿದವನು ಕನ್ಫೆಸೋರ್. ಜಿಪಿಎಸ್ ಪೆಟ್ಟಿಗೆಯನ್ನು ಹುಲ್ಲಿನಿಂದ ಎತ್ತಿ ಫೋನಿನಲ್ಲಿ ನೋಡಿದ. "ನೂರ ಇಪ್ಪತ್ತಾರು. ಕೋನ್ ಹತ್ತಿರ, ನೆಲದ ಮೇಲಿದ್ದಾಗಲೇ." ಫೋನನ್ನು ಜೇಬಿಗಿಟ್ಟು, ಹೇಳಲೇಬೇಕಾದ್ದನ್ನೂ ಹೇಳಿದ. "ವಾಪಸ್ ಬರಲಿಲ್ಲ. ಬರೆಯೋಕಾಗಲ್ಲ."

ಎಲಿಯೆಸರ್ ಮುರಿದ ಮೂತಿಯ ತುಂಡನ್ನು ಹಿಡಿದು ನಿಂತಿದ್ದ. ಕೂಗಾಡುತ್ತಾನೆಂದು ನೆರೈದಾ ಕಾದಳು. ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು.

"ಮೂರು ಎಣಿಸು ಅಂತ ಹೇಳೋದು ಮರೆತ್ನಾ ಕೊಮಾಯ್?" ಅಂದ ಅವನು. "ಹೇಳಿದೆ ಅಂದ್ಕೊಂಡೆ. ಔಷಧಿ ಶುರುವಾದಾಗಿಂದ ಮರೆವು ಜಾಸ್ತಿ ಆಗಿದೆ."

ಹೌದು, ನೀನು ಮರೆತೆ ಎಂದು ಅವಳು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ. ನೆರೈದಾಳಿಗೆ ನಾಚಿಕೆಯಾಯಿತು. ಈ ಮನುಷ್ಯನ ಕೈ ನಿಜವಾಗಿಯೂ ಹೋಗಿದೆ, ಇನ್ನು ಬುದ್ಧಿಯೂ ಹೋಯಿತೆಂಬ ಭಯವನ್ನು ಅವನ ತಲೆಗೆ ತುಂಬುವುದು ಅವಳಿಂದ ಆಗಲಿಲ್ಲ.

"ಹೇಳಿದ್ದೆ ಕೊಂಪಾಯ್. ನೀನು ಸರಿಯಾಗೇ ಹೇಳಿದ್ದೆ. ನಾನೇ ನಂಬಲಿಲ್ಲ. ಬೇಲಿಗೆ ಹೊಡೆಸೋಕೆ ನೋಡ್ತಿದ್ದೀಯ ಅಂದ್ಕೊಂಡೆ."

"ನನ್ನ ಕಾರನ್ನ? ನಾನೇ?"

ಅವನ ಬಾಯಲ್ಲಿ ಕೇಳಿದಾಗ ಬೆಳಗಿನಿಂದ ಅವಳು ಪೋಣಿಸಿದ್ದ ಯೋಚನೆಯೆಲ್ಲ ಮೂರು ಕಾಸಿಗೂ ಬಾಳದಂತೆ ಕಂಡಿತು. ಎಲಿಯೆಸರ್ ಹಲಗೆಯ ಕಡೆ ನೋಡಿದ. ಮೇಲೆ ನೆರೈದಾ, ನೂರ ಇಪ್ಪತ್ತೊಂದು. ಮತ್ತೆ ಅವಳ ಕಡೆ ತಿರುಗಿದಾಗ ಅವನ ಕಣ್ಣು ಬೇರೆಯಾಗಿತ್ತು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತು. ಬೆಳಗಿನಿಂದ ಅವಳು ಅವನನ್ನು ನೋಡುತ್ತಿದ್ದುದೇ ಹಾಗೆ.

"ಸದ್ದಲ್ಲೇ ನಿಂಗೆ ಗೊತ್ತಾಗಿರುತ್ತೆ," ಅಂದ. "ನಿನ್ನದನ್ನ ದಾಟ್ತು ಅಂತ."

"ಗೊತ್ತಾಯ್ತು, ಆದ್ರೆ..."

"ಗೊತ್ತಾದ್ಮೇಲೆ ಟ್ರಿಗರ್ ಬಿಟ್ಟೆ."

"ಕೊಂಪಾಯ್, ನಮ್ಮ ಯಾರೆಲಿಸ್ ಆಣೆಗೂ ಹಂಗಲ್ಲ."

ಇನ್ನು ನೆರೈದಾ ಏನು ಹೇಳಿದರೂ ಅದು ಅಪರಾಧಿಯ ಮಾತಿನ ಹಾಗೇ ಕೇಳಿಸುತ್ತಿತ್ತು. ಅವನ ಜಾಗದಲ್ಲಿ ಅವಳಿದ್ದರೂ ಒಂದಕ್ಷರ ನಂಬುತ್ತಿರಲಿಲ್ಲ.

ಎಲಿಯೆಸರ್ ಮಂಡಿಯೂರಿ ಟಾರಿನ ಮೇಲೆ ಚೆಲ್ಲಿದ್ದ ಸಣ್ಣ ಸ್ಕ್ರೂಗಳನ್ನು ಆರಿಸತೊಡಗಿದ. ಒಂದೊಂದೂ ಬೆರಳಿನಿಂದ ಜಾರಿ ಬೀಳುತ್ತಿತ್ತು. ನೆರೈದಾ ತಡೆಯಲಾರದೆ ಬಗ್ಗಿ ಒಂದನ್ನು ಎತ್ತಿ ಅವನತ್ತ ಚಾಚಿದಳು.

ಅವನು ಅದನ್ನು ತೆಗೆದುಕೊಳ್ಳಲಿಲ್ಲ.

"ನೀನು ಬಿಡು," ಅಂದ, ತಲೆ ಎತ್ತದೆ. "ಕನ್ಫೆಸೋರ್ ಎತ್ತಿಕೊಡ್ತಾನೆ."