ನೋಡಿದರೆ ಅಂಟುವ ಕಣ್ಣು

ಮನೆತನದ ಇತಿಹಾಸದಲ್ಲಿ ದಾಖಲಾಗಬೇಕಾದ ಘನವಾದ ಪ್ರಶ್ನೆಯೊಂದು ಭಾನುವಾರ ಬೆಳಗ್ಗೆ ಎದ್ದಿತು: ಚೂಟಿಯ ಕಣ್ಣಿಗೆ ಹನಿ ಹಾಕುವ ಅಧಿಕಾರ ದೊಡ್ಡಪ್ಪನದೋ, ಅತ್ತೆಯದೋ?

ಆರು ವರ್ಷದ ಚೂಟಿಯ ಎಡಗಣ್ಣು ಕೆಂಡದಂತಾಗಿತ್ತು. ದೊಡ್ಡಪ್ಪನಿಗೆ ಪೊರೆ ತೆಗೆಸಿಕೊಂಡ ಅನುಭವವಿತ್ತು. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಅರ್ಧ ಉಳಿದ ಔಷಧಿಯೂ ಇತ್ತು. ಅತ್ತೆಯ ಬಳಿ ಔಷಧಿ ಇರಲಿಲ್ಲ, ಅಭಿಪ್ರಾಯವಿತ್ತು.

“ಇದು ಕಣ್ಣು ಬೇನೆ. ಯಾರೂ ಅವಳ ಮುಖ ನೋಡ್ಬೇಡಿ. ನೋಡಿದ್ರೆ ಸಾಕು, ಅಂಟ್ಕೊಳ್ಳುತ್ತೆ,” ಎಂದಳು, ಗೋಡೆಯನ್ನು ನೋಡುತ್ತ.

“ಅಪ್ಪ ಹಲಗೆ ಕುಯ್ತಿದ್ದಾಗ ಏನೋ ಹಾರಿ ಬಿತ್ತು,” ಎಂದಳು ಚೂಟಿ.

ಬಡಗಿಯಾದ ಅಪ್ಪನಿಗೆ ಇದು ಮಾನದ ಪ್ರಶ್ನೆ. “ನನ್ನ ಗರಗಸದಿಂದ ಸಿಬಿರು ಹಾರಲ್ಲ ಕಣೇ. ಅಷ್ಟು ಒರಟು ಕೈ ನಂದಲ್ಲ.”

ಅಲ್ಲಿಗೆ ರೋಗನಿರ್ಣಯ ಮುಗಿಯಿತು. ಬಾಟಲಿ ದೊಡ್ಡಪ್ಪನದಾದ್ದರಿಂದ ಹನಿ ಹಾಕುವ ಪದವಿಯೂ ಅವನಿಗೇ ಸಂದಿತು. ಹೊತ್ತು ಹೊತ್ತಿಗೆ ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಅಂದಾಜಿನ ಮೇಲೆ ಹನಿ ಬಿಡುತ್ತಿದ್ದ: ಒಂದು ಮೂಗಿಗೆ, ಒಂದು ಕಿವಿಗೆ, ಗುರಿ ಸಿಕ್ಕಿದರೆ ಒಂದು ಕಣ್ಣಿಗೆ. ಅತ್ತೆ ತನ್ನ ಕಪ್ಪು ಕನ್ನಡಕಕ್ಕೆ ದಾರ ಕಟ್ಟಿ ಮಗುವಿನ ಮೂಗಿನ ಮೇಲೆ ನಿಲ್ಲಿಸಿದಳು. ಅಮ್ಮ ಬೆನ್ನ ಹಿಂದೆ ಕೂತು ಜಡೆ ಹಾಕಿದಳು. ಅಲ್ಲಿಂದಲೇ ಕೈ ಚಾಚಿ ತುತ್ತನ್ನೂ ಕೊಟ್ಟಳು.

“ಅಮ್ಮಾ, ಬೆಳಕು ಚುಚ್ಚುತ್ತೆ.”

“ಕನ್ನಡಕ ಇದ್ಯಲ್ಲ, ಸುಮ್ನಿರು ಪುಟ್ಟಾ.”

“ಈ ಕಣ್ಣಿಗೆ ನೀನು ಕಾಣಿಸ್ತಾನೇ ಇಲ್ಲ.”

“ನಾನು ಹಿಂದೆ ಇದೀನಲ್ಲೇ, ಹೇಗೆ ಕಾಣ್ತೀನಿ?”

ಎಂಟನೆಯ ದಿನ ಬಾಟಲಿ ಖಾಲಿಯಾದ್ದರಿಂದ ಆಸ್ಪತ್ರೆಗೆ ಹೋಗಬೇಕಾಯಿತು. ಮಗುವನ್ನು ತೋರಿಸಲಿಕ್ಕಲ್ಲ, ಇನ್ನೊಂದು ಬಾಟಲಿ ಬರೆಸಿಕೊಳ್ಳಲಿಕ್ಕೆ. ಡಾಕ್ಟರಮ್ಮ ಜೊತೆಗೆ ಬಂದಿದ್ದ ಮಗುವಿನ ಕನ್ನಡಕದ ದಾರ ಬಿಚ್ಚಿ, ರೆಪ್ಪೆ ಎತ್ತಿ, ಟಾರ್ಚ್ ಹಿಡಿದರು.

“ಈ ಬಿಳಿ ಕಲೆ ಯಾವಾಗಿಂದ ಇದೆ?”

ಎಲ್ಲರೂ ಮೊದಲ ಸಲ ನೋಡಿದರು. ಕಪ್ಪು ಗುಡ್ಡೆಯ ನಟ್ಟನಡುವೆ ಅನ್ನದ ಅಗುಳಿನಷ್ಟು ಬಿಳುಪು ಕೂತಿತ್ತು. ಅಪ್ಪ ತನ್ನ ಕೈಗಳನ್ನು ಜೇಬಿಗಿಳಿಸಿದ.

“ಮರದ ಸಿಬಿರು ಗೀರಿದೆ, ಗಾಯ ಕೀವಾಗಿ ಹುಣ್ಣಾಗಿದೆ. ಅದರ ಮೇಲೆ, ಹುಣ್ಣಿಗೆ ತಾಕಲೇಬಾರದ ಪೊರೆ ಆಪರೇಷನ್ನಿನ ಹನಿ ಬೇರೆ ಹಾಕಿ ಚೆನ್ನಾಗಿ ಬೆಳೆಸಿದೀರಿ. ಬಿದ್ದ ದಿನಾನೇ ಕರ್ಕೊಂಡು ಬಂದಿದ್ರೆ ಉಳಿಸಬಹುದಿತ್ತು. ಮನೇಲಿ ಇಷ್ಟು ಜನ ಇದೀರಿ, ಒಬ್ರೂ ಕಣ್ಣು ನೋಡ್ಲಿಲ್ವಾ?”

“ನೋಡಿದ್ರೆ ಅಂಟುತ್ತಲ್ಲ ಡಾಕ್ಟ್ರೇ,” ಎಂದಳು ಅತ್ತೆ, ತಿಳಿಯದವರಿಗೆ ತಿಳಿಹೇಳುವ ತಾಳ್ಮೆಯಿಂದ.

ಮನೆಯಲ್ಲಿ ಬೇರೆ ಯಾರ ಕಣ್ಣೂ ಕೆಂಪಾಗಲಿಲ್ಲ. ಅದು ತನ್ನ ಎಚ್ಚರಿಕೆಯ ಫಲವೆಂದು ಅತ್ತೆ ಈಗಲೂ ಹೇಳುತ್ತಾಳೆ. ಚೂಟಿಯ ಎಡಗಣ್ಣಿಗೆ ದೃಷ್ಟಿ ಮರಳಲಿಲ್ಲ.